ನೆನೆಯುವ ನೆತ್ತಿ, ನೆನೆಯದ ಕಾವ್ಯ

ಮಳೆಯ ಮೊದಲ ಹನಿ ಬಿದ್ದೊಡನೆ ಮನುಷ್ಯನ ಕೈ ತಾನಾಗಿ ತಲೆಯ ಮೇಲೇರುತ್ತದೆ. ಕೊಡೆಯಿದ್ದವನು ಕೊಡೆ ಬಿಚ್ಚುತ್ತಾನೆ. ಇಲ್ಲದವನು ಕೈಗೆ ಸಿಕ್ಕ ಚೀಲವನ್ನೋ ಪತ್ರಿಕೆಯನ್ನೋ ಬಾಳೆಯೆಲೆಯನ್ನೋ ನೆತ್ತಿಗೆ ಹಿಡಿಯುತ್ತಾನೆ. ಏನೂ ಸಿಗದವನು ಬರಿಯ ಅಂಗೈಯನ್ನೇ ತಲೆಯ ಮೇಲಿಟ್ಟುಕೊಂಡು ಓಡುತ್ತಾನೆ. ಅಂಗೈಯಗಲದ ಆ ಮರೆಯಿಂದ ಹೆಗಲು ಬೆನ್ನುಗಳ ಮಾತಿರಲಿ, ತಲೆಯೂ ಒಣಗಿ ಉಳಿಯುವುದಿಲ್ಲ. ಆದರೂ ಕೈ ಏರುವುದು ತಪ್ಪುವುದಿಲ್ಲ. ಈ ಒಂದು ಚಿಕ್ಕ ಚೇಷ್ಟೆಯನ್ನು ಕೈದೀಪವಾಗಿ ಹಿಡಿದು ಕನ್ನಡದ ಮಳೆಸಾಹಿತ್ಯದ ಒಂದೆರಡು ಕೋಣೆಗಳನ್ನು ಇಣುಕಿ ನೋಡುವುದು ನಮ್ಮ ಉದ್ದೇಶ. ನಮ್ಮ ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್ ತಿಂಗಳಲ್ಲಿ ಶಾಲೆಯೂ ಮಳೆಯೂ ಒಟ್ಟೊಟ್ಟಿಗೇ ಪ್ರಾರಂಭವಾಗುತ್ತವೆ. ಇಂಥ ಊರಿನ ಓದುಗರಿಗೆ ಯಾವುದೇ ಮಳೆಗವಿತೆಯನ್ನು ಓದಿ ಮುಗಿಸಿದಾಗ ಒಂದು ಪ್ರಶ್ನೆ ಕೇಳುವ ಹಕ್ಕಿದೆ: ಇಲ್ಲಿ ಯಾರ ತಲೆ ಒದ್ದೆಯಾಗಿದೆ?

ಕೈ ಏಕೆ ಏರುತ್ತದೆ ಎಂಬುದನ್ನು ಮೊದಲು ನೋಡೋಣ. ನೆಟ್ಟಗೆ ನಿಂತು ನಡೆಯುವ ಪ್ರಾಣಿಗೆ ಆಕಾಶದಿಂದ ಬಿದ್ದದ್ದೆಲ್ಲ ಮೊದಲು ತಗಲುವುದು ತಲೆಗೆ. ದನಕರುಗಳಿಗೆ ಮಳೆ ಬೀಳುವುದು ಬೆನ್ನಿನ ಮೇಲೆ. ಅವು ಗಾಳಿಗೆ ಬೆನ್ನು ಕೊಟ್ಟು ತಲೆ ತಗ್ಗಿಸಿ ನಿಂತುಬಿಡುತ್ತವೆ. ನಮ್ಮ ಹಣೆಬರಹ ಬೇರೆ. ಕಣ್ಣು, ಮೂಗು, ಬಾಯಿ, ಕಿವಿಗಳೆಲ್ಲ ಒಂದು ಗೇಣಿನೊಳಗೆ ಗುಂಪಾಗಿರುವ ಅಂಗವೇ ಮಳೆಗೆ ಮೊದಲು ಸಿಗುವ ಅಂಗ. ದೊಡ್ಡ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಕೂದಲಿನಿಂದಿಳಿದ ನೀರು ಕಣ್ಣಿಗೆ ಹರಿದು ದಾರಿ ಮಸುಕಾಗುತ್ತದೆ. ಮೈ ಒರಸಿಕೊಂಡರೆ ಒಣಗುತ್ತದೆ; ಕೂದಲು, ಅದರಲ್ಲೂ ಹೆಂಗಸರ ತುರುಬು, ಮಳೆಗಾಲದಲ್ಲಿ ಹೊತ್ತು ಮುಳುಗಿದರೂ ಒಣಗುವುದಿಲ್ಲ. ದೇಹದ ಶಾಖದ ಹೆಚ್ಚಿನ ಪಾಲು ತಲೆಯಿಂದಲೇ ಸೋರಿಹೋಗುತ್ತದೆಂದು ಬಹುಕಾಲ ಹೇಳುತ್ತ ಬಂದರು. ಅದು ನಿಜವಲ್ಲ, ತಲೆಯ ಪಾಲು ಶೇಕಡಾ 10ರ ಆಸುಪಾಸಿನದು, ಅಂದರೆ ಅದರ ವಿಸ್ತಾರಕ್ಕೆ ತಕ್ಕಷ್ಟೇ. ತಲೆ ನೆನೆದರೆ ಶೀತವಾಗುತ್ತದೆ ಎಂಬ ತಾಯಂದಿರ ಮಾತಿಗೂ ವೈದ್ಯರು ಈಗ ಪೂರ್ತಿ ತಲೆದೂಗುವುದಿಲ್ಲ, ಶೀತ ತರುವುದು ವೈರಾಣು ಎನ್ನುತ್ತಾರೆ. ಆದರೆ ಯಾವ ತಾಯಿಯೂ ಇದರಿಂದ ಸೆರಗನ್ನು ಮಗುವಿನ ತಲೆಯಿಂದ ತೆಗೆದದ್ದನ್ನು ನಾವು ಕಾಣೆವು.

ತಾಯಿಯ ಕೈ ನೆತ್ತಿಯ ಕಡೆಗೇ ಹೋಗುವುದಕ್ಕೆ ಇನ್ನೂ ಹಳೆಯ ಕಾರಣವಿರಬಹುದು. ಹಸುಗೂಸಿನ ನೆತ್ತಿಯಲ್ಲಿ ಎಲುಬು ಕೂಡದೆ ಉಳಿದ ಮೆತ್ತನೆಯ ಎಡೆಯೊಂದಿರುತ್ತದೆ. ಅಲ್ಲಿ ನಾಡಿಯ ಮಿಡಿತ ಕಣ್ಣಿಗೇ ಕಾಣುತ್ತದೆ. ಅದು ಪೂರ್ತಿ ಮುಚ್ಚಿಕೊಳ್ಳಲು ಒಂದೂವರೆ ವರ್ಷದಷ್ಟು ಕಾಲ ಬೇಕು. ಅಷ್ಟು ಕಾಲ ಎಣ್ಣೆಯಿಟ್ಟು ಕುಲಾವಿ ಕಟ್ಟಿ ಕಾಯ್ದ ಜಾಗವನ್ನು ಮನೆಯವರು ಆಮೇಲೆ ಮರೆಯುವುದುಂಟೆ? ಹಿರಿಯರು ಆಶೀರ್ವದಿಸುವಾಗ ಕೈಯಿಡುವುದೂ ಅಲ್ಲಿಗೇ. ಬೋರ್ನಿಯೊ ಸುಮಾತ್ರಗಳ ಕಾಡಿನ ಒರಾಂಗುಟಾನ್ ಎಂಬ ವಾನರಗಳು ಜೋರು ಮಳೆಯಲ್ಲಿ ಎಲೆತುಂಬಿದ ಕೊಂಬೆ ಮುರಿದು ತಲೆಯ ಮೇಲೆ ಹಿಡಿದು ಕೂರುತ್ತವೆ. ಇದನ್ನು ನೋಡಿದರೆ ಸೊಪ್ಪಿನ ಕೊಡೆ ಮನುಷ್ಯನಿಗಿಂತ ಹಳೆಯದೆನ್ನಬೇಕು. ಆದರೆ ಇನ್ನೊಂದು ಮುಖವನ್ನೂ ಮರೆಯಬಾರದು. ಎರಡು ಮೂರು ವರ್ಷದ ಮಗುವನ್ನು ಅಂಗಳಕ್ಕೆ ಬಿಟ್ಟರೆ ಅದು ಮುಖವನ್ನು ಮುಗಿಲಿಗೊಡ್ಡಿ ಬಾಯಿ ತೆರೆದು ನಿಲ್ಲುತ್ತದೆ. "ತಲೆ ಒದ್ದೆ ಮಾಡಬೇಡ" ಎಂದು ಒಳಗಿನಿಂದ ಕೂಗು ಬಂದ ಮೇಲೆಯೇ ಅದರ ಕೈ ತಲೆಗೆ ಹೋಗುವುದು. ಈ ಚೇಷ್ಟೆ ಹುಟ್ಟಿನಿಂದ ಬಂದದ್ದೂ ಹೌದು, ಕಲಿಸಿದ ಪಾಠವೂ ಹೌದು. ಪಾಠವೆಂದ ಮೇಲೆ ಯಾರು ಯಾರಿಗೆ ಏನನ್ನು ಕಲಿಸಿದರು ಎಂಬ ವಿಚಾರಣೆ ಬಂದೇ ಬರುತ್ತದೆ. ಸಾಹಿತ್ಯಕ್ಕೆ ಇಲ್ಲಿ ಕೆಲಸವಿದೆ.

ತಲೆಗೆ ನೀರು ಬೀಳುವುದೇ ನಮಗೆ ಒಲ್ಲದ ಸಂಗತಿಯೇನಲ್ಲ. ದೀಪಾವಳಿಯ ಅಭ್ಯಂಗದಲ್ಲಿ ಅದನ್ನು ಬೇಡಿ ಹೊಯ್ಯಿಸಿಕೊಳ್ಳುತ್ತೇವೆ. ಶ್ರವಣಬೆಳಗೊಳದ ಗೊಮ್ಮಟನಿಗೆ 58 ಅಡಿ ಎತ್ತರಕ್ಕೆ ಕೊಡಗಳನ್ನು ಹೊತ್ತು ಮಸ್ತಕಾಭಿಷೇಕ ಮಾಡುತ್ತೇವೆ. ಮಳೆ ಚಳಿ ಬಿಸಿಲುಗಳಲ್ಲಿ ಬರಿದಲೆಯಲ್ಲೇ ನಿಂತವನಿಗೆ ನಾವು ಕೊಡುವ ಗೌರವವೂ ನೀರೇ. ಬೇಂದ್ರೆಯವರು ತಮ್ಮ ಪ್ರಸಿದ್ಧವಾದ ಶ್ರಾವಣದ ಕವಿತೆಯಲ್ಲಿ ಗುಡ್ಡಗಳನ್ನು ಅಭ್ಯಂಗಕ್ಕೆ ಕುಳಿತ ಲಿಂಗಗಳಾಗಿ ಕಂಡದ್ದು ಈ ಭಾವದಿಂದಲೇ. ಅಲ್ಲಿ ಮಳೆಯೆಂದರೆ ಅಭಿಷೇಕ, ನೆನೆಯುವುದೇ ಧನ್ಯತೆ. ಧಾರವಾಡದ ಆಚೆಗೆ ಮುಗಿಲು ನೋಡಿ ಕಾಯುವ ಎರೆಭೂಮಿಯ ನಾಡಿಗೆ ಈ ಸಂಭ್ರಮ ಸಹಜ. ಕನ್ನಡದ ಮಳೆಗವಿತೆಗಳಲ್ಲಿ ಅದಕ್ಕೆ ಸರಿದೊರೆ ಕಡಿಮೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ತೊಂದರೆ ಇರುವುದು ಬೇಂದ್ರೆಯವರಲ್ಲಲ್ಲ, ಅವರನ್ನು ಅನುಕರಿಸಿದವರಲ್ಲಿ. ಹಂಡೆಯ ನೀರನ್ನು ತಾನಾಗಿ ಹೊಯ್ದುಕೊಳ್ಳುವುದಕ್ಕೂ ಕೇಳದೆ ಸುರಿಯುವ ಮಳೆಗೆ ಸಿಕ್ಕಿಬೀಳುವುದಕ್ಕೂ ಇರುವ ಅಂತರ ಅವರಿಗೆ ತಿಳಿಯಲಿಲ್ಲ. ಸಂಚಿಕೆಗಳ ಸಂಪಾದಕರ ಮೇಜಿಗೆ ಪ್ರತಿ ಆಷಾಢದಲ್ಲಿ ಬಂದು ಬೀಳುವ ಮಳೆಗವಿತೆಗಳಲ್ಲಿ ಹತ್ತಕ್ಕೆ ಒಂಬತ್ತು ಕಿಟಕಿಯ ಬಳಿ ಕುಳಿತು ಬರೆದವು. ಕವಿಯ ಪಕ್ಕದಲ್ಲಿ ಹೆಚ್ಚಾಗಿ ಒಂದು ಲೋಟ ಕಾಫಿಯೂ ಇರುತ್ತದೆ.

ನಮ್ಮ ಪುರಾಣಕಾರರು ಈ ವಿಷಯದಲ್ಲಿ ಹೆಚ್ಚು ಎಚ್ಚರದವರು. ಅವರು ಮಳೆಯನ್ನು ವರ್ಣಿಸುವಾಗ ಅದರ ಕೆಳಗಿರುವ ತಲೆಯನ್ನು ಮರೆಯುವುದಿಲ್ಲ. ವಸುದೇವನು ಹಸುಳೆಯನ್ನು ಹೊತ್ತು ಯಮುನೆಯ ಕಡೆಗೆ ನಡೆಯುವಾಗ ಶೇಷನು ಹಿಂದಿನಿಂದ ಹೆಡೆಯೆತ್ತಿ ಮರೆ ಹಿಡಿಯುತ್ತಾನೆ. ತಪಸ್ಸಿನಲ್ಲಿದ್ದ ಪಾರ್ಶ್ವನಾಥನ ಮೇಲೆ ಹಳೆಯ ಹಗೆ ಕಮಠನ ಜೀವ ಬಿರುಮಳೆ ಸುರಿಸಿದಾಗ ಧರಣೇಂದ್ರನು ಹೆಡೆಗಳನ್ನು ಹರಡಿ ನಿಲ್ಲುತ್ತಾನೆ. 1222ರ ಸುಮಾರಿಗೆ ಪಾರ್ಶ್ವಪಂಡಿತನು ಈ ಪುರಾಣವನ್ನು ಕನ್ನಡದಲ್ಲಿ ಬರೆದ. ನಮ್ಮ ಬಸದಿಗಳಲ್ಲಿ ಏಳು ಹೆಡೆಯಡಿ ನಿಂತ ಬಿಂಬವನ್ನು ಕಂಡವರಿಗೆ ಕಥೆ ಓದದಿದ್ದರೂ ಅರ್ಥವಾಗುತ್ತದೆ. ಎರಡು ಕಥೆಗಳಲ್ಲೂ ಮರೆ ಹಿಡಿಯುವುದು ಹಾವು, ಮನುಷ್ಯನು ಕಂಡೊಡನೆ ಹೆದರಿ ಓಡುವ ಪ್ರಾಣಿ. ಮಳೆಯ ಭಯ ಹಾವಿನ ಭಯಕ್ಕಿಂತ ದೊಡ್ಡದಾದಾಗ ಮಾತ್ರ ಇಂಥ ಕಲ್ಪನೆ ಹುಟ್ಟಲು ಸಾಧ್ಯ.

ಇವೆರಡಕ್ಕಿಂತ ನಮಗೆ ಹೆಚ್ಚಿನದೆನಿಸುವುದು ಗೋವರ್ಧನದ ಕಥೆ. ಇಂದ್ರನು ಏಳು ದಿನ ಮಳೆ ಕರೆದಾಗ ಕೃಷ್ಣನು ಗಿರಿಯನ್ನೆತ್ತಿ ಹಿಡಿದದ್ದನ್ನು ಭಾಗವತಕಾರನು ಮಗುವೊಂದು ಅಣಬೆಯನ್ನು ಕಿತ್ತೆತ್ತುವುದಕ್ಕೆ ಹೋಲಿಸಿದ್ದಾನೆ. ಅಣಬೆಗೆ ನಾಯಿಕೊಡೆ ಎಂದು ಹೆಸರಿಟ್ಟ ಕನ್ನಡಿಗರಿಗೆ ಈ ಹೋಲಿಕೆಯ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೇಬೀಡಿನ ಶಿಲ್ಪಿ ಇದನ್ನು ಕೆತ್ತುವಾಗ ಬೆಟ್ಟದ ಕೆಳಗೆ ಗೋವುಗಳಿಗೂ ಗೋವಳರಿಗೂ ಎಡೆ ಮಾಡಿದ್ದಾನೆ. ಆ ಕೊಡೆಯ ಹೊರಗೆ ಒಂದು ಕರುವೂ ಉಳಿಯಲಿಲ್ಲ. ಇದರ ಪಕ್ಕದಲ್ಲಿ ನಮ್ಮ ರಾಜರ ಬೆಳ್ಗೊಡೆಯನ್ನಿಟ್ಟು ನೋಡಿರಿ. ಹಳಗನ್ನಡದ ಕವಿಗಳು ಏಕಚ್ಛತ್ರ, ಶ್ವೇತಚ್ಛತ್ರ ಎಂದು ಹಾಡಿದ್ದೇ ಹಾಡಿದ್ದು. ಭೂಮಂಡಲವೆಲ್ಲ ಒಂದೇ ಕೊಡೆಯ ಅಡಿಗೆ ಬಂತೆಂದು ಅದರ ಅರ್ಥ. ಆದರೆ ಆ ಕೊಡೆಯಡಿ ಒಣಗಿ ಉಳಿಯುವ ತಲೆ ಒಂದೇ. ಕೊಡೆ ಹಿಡಿದು ನಡೆಯುವ ಊಳಿಗದವನ ತಲೆಯೂ ಅದರೊಳಗೆ ಬರುವುದಿಲ್ಲ. ಅವನು ಅರ್ಧ ಹೆಜ್ಜೆ ಹಿಂದೆ ನೆನೆಯುತ್ತ ನಡೆಯಬೇಕು. ಈ ಸತ್ತಿಗೆಯವನನ್ನು ಕುರಿತು ಒಂದು ಪದ್ಯ ಬರೆಯಬೇಕೆಂದು ನಮ್ಮ ಹಳೆಯ ಕವಿಗಳಿಗೆ ತೋರಿದ್ದನ್ನು ನಾವು ಎಲ್ಲಿಯೂ ಕಂಡಿಲ್ಲ.

ಹೀಗೆ ತಲೆ ಕಾಯುವ ಸಾಧನವೇ ತಲೆಯ ಬೆಲೆ ಹೇಳುವ ಗುರುತಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆಯನ್ನು ನಾವು ಎಷ್ಟೋ ವರ್ಷ ತರಗತಿಗಳಲ್ಲಿ ವಿಸ್ತರಿಸಿ ಬರೆಯಲು ಕೊಟ್ಟಿದ್ದೇವೆ. ಮಕ್ಕಳು ಆಡಂಬರ ಸಲ್ಲದು ಎಂದು ಒಂದು ಪುಟ ತುಂಬಿಸಿ ಅಂಕ ಪಡೆಯುತ್ತಿದ್ದರು. ಗಡಿಯಲ್ಲಿ ಬಾಳುವವರಿಗೆ ಇದರ ಇನ್ನೊಂದು ಸ್ವಾರಸ್ಯ ತಿಳಿದಿದೆ. ಇದೇ ಗಾದೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಮಲಯಾಳದಲ್ಲಿದೆ, ತಮಿಳಿನಲ್ಲಿದೆ, ತೆಲುಗಿನಲ್ಲೂ ಇದೆ. ನಾಲ್ಕು ಭಾಷೆಗಳ ಜನ ಒಂದೇ ಮನುಷ್ಯನನ್ನು ನೋಡಿ ನಕ್ಕಿದ್ದಾರೆ. ಯಾರು ಈ ಅಲ್ಪ? ಕೇರಳದ ಹಳೆಯ ಕಟ್ಟಳೆಗಳಲ್ಲಿ ಕೆಳಗಿನವರೆನಿಸಿದ ಜಾತಿಗಳ ಜನ ಮೇಲಿನವರ ಎದುರಿಗೆ ಕೊಡೆ ಹಿಡಿಯಬಾರದು, ಮೆಟ್ಟು ಮೆಟ್ಟಬಾರದು ಎಂಬ ನಿಷೇಧವಿತ್ತು. ನಮ್ಮ ಕಡೆಯಲ್ಲೂ ಧಣಿಗಳ ಅಂಗಳ ದಾಟುವಾಗ ಒಕ್ಕಲುಗಳು ಕೊಡೆ ಮಡಚಿ, ಮುಟ್ಟಾಳೆ ತೆಗೆದು ಕಂಕುಳಲ್ಲಿಟ್ಟುಕೊಳ್ಳಬೇಕಿತ್ತೆಂದು ಹಿರಿಯರು ಹೇಳುತ್ತಿದ್ದರು. ಮಳೆ ಸುರಿಯುತ್ತಿದ್ದರೂ ಹಾಗೆಯೇ. ಇದನ್ನು ತಿಳಿದು ಗಾದೆಯನ್ನು ಮತ್ತೊಮ್ಮೆ ಓದಿದರೆ ಅದರ ನಗೆ ಬೇರೆಯಾಗಿ ಕೇಳಿಸುತ್ತದೆ. ಹಗಲಿನಲ್ಲಿ ಕೊಡೆ ಹಿಡಿಯಲು ಬಿಡದ ಊರಿನಲ್ಲಿ ನಾಲ್ಕು ಕಾಸು ಕೂಡಿಸಿ ಕೊಡೆ ಕೊಂಡವನು ಅರ್ಧರಾತ್ರಿಯಲ್ಲಲ್ಲದೆ ಮತ್ತೆ ಯಾವಾಗ ಅದನ್ನು ಬಿಚ್ಚಬೇಕಿತ್ತು? ಗಾದೆ ಕಟ್ಟಿದವರ ಮನಸ್ಸಿನಲ್ಲಿ ಇದೇ ಇತ್ತೆಂದು ನಾವು ವಾದಿಸುವುದಿಲ್ಲ. ಗಾದೆಯ ಒಳಗೆ ಈ ಮನುಷ್ಯನೂ ನಿಂತಿದ್ದಾನೆ ಎಂಬುದಷ್ಟೇ ನಮ್ಮ ಓದು. ತರಗತಿಯಲ್ಲಿ ಈಗ ಅದನ್ನು ಕಲಿಸುವ ಅಧ್ಯಾಪಕ ಮಿತ್ರರು ಈ ಪ್ರಶ್ನೆಯನ್ನೂ ಮಕ್ಕಳ ಮುಂದಿಟ್ಟರೆ ಒಳ್ಳೆಯದು.

ನಿರಂಜನರ 'ಚಿರಸ್ಮರಣೆ' ಮಳೆಯ ಕಾದಂಬರಿಯಲ್ಲ. ಆದರೆ ತಗ್ಗಿದ ತಲೆ ಮೇಲೇಳುವುದೆಂದರೇನು ಎಂಬುದನ್ನು ನಮ್ಮ ಮಣ್ಣಿನಿಂದಲೇ ಎತ್ತಿ ಕನ್ನಡಕ್ಕೆ ಕೊಟ್ಟ ಕೃತಿ ಅದು. 1941ರ ಕಯ್ಯೂರಿನ ರೈತ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದ ನಾಲ್ವರು ಯುವಕರು, ಇವೆಲ್ಲ ನಮ್ಮ ಜಿಲ್ಲೆಯ ಹಿರಿಯರ ನೆನಪಿನಲ್ಲಿದ್ದ ಸಂಗತಿಗಳು. ಅಂಗಳದಲ್ಲಿ ಮುಟ್ಟಾಳೆ ತೆಗೆಯಬೇಕಾದ ಒಕ್ಕಲಿಗೆ ಮಳೆಯೂ ಜನ್ಮಿಯೂ ಬೇರೆಬೇರೆಯಾಗಿರಲಿಲ್ಲವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಾದಂಬರಿಯನ್ನು ಓದಬೇಕು.

ಮುಟ್ಟಾಳೆ ಎಂದೊಡನೆ ಮಕ್ಕಳಿಗಾಗಿ ಎರಡು ಮಾತು ಬಿಡಿಸಿ ಹೇಳಬೇಕಾಗಿದೆ. ಅಡಕೆಮರದ ಹಾಳೆಯನ್ನು ನೆನೆಸಿ ಬಗ್ಗಿಸಿ ಹೊಲಿದು ಮಾಡುವ ಟೊಪ್ಪಿ ಮುಟ್ಟಾಳೆ. ಮಲಯಾಳಿಗಳು ಪಾಳತ್ತೊಪ್ಪಿ ಎನ್ನುತ್ತಾರೆ. ಅವರ ಪಾಳ, ತುಳುವರ ಪಾಳೆ, ನಮ್ಮ ಹಾಳೆ ಒಂದೇ ಪದ. ಹಳಗನ್ನಡದ ಪಕಾರ ಹಕಾರವಾದ ಕಥೆಯನ್ನು ವ್ಯಾಕರಣದಲ್ಲಿ ಓದಿದವರು ಅದನ್ನು ಇಲ್ಲಿ ತಲೆಯ ಮೇಲೇ ಹೊತ್ತು ನಡೆಯಬಹುದು. ಗೊರಬು ಇನ್ನೊಂದು ಬಗೆ. ಬಿದಿರಿನ ಸೀಳುಗಳ ಚೌಕಟ್ಟಿಗೆ ಎಲೆಗಳನ್ನು ಹೊದೆಸಿದ್ದು. ನೆತ್ತಿಯಿಂದ ಹೊರಟು ಬೆನ್ನಿನ ಕೆಳಗಿನವರೆಗೂ ಇಳಿಯುತ್ತದೆ. ತುಳುವಿನಲ್ಲಿ ಇದು ಕೊರಂಬು. ಇನ್ನು ಓಲೆಕೊಡೆ, ಪನೆಯ ಗರಿಯದು, ಕಾವು ಇರುವಂಥದು. ಇವು ಮೂರೂ ತಲೆ ಕಾಯುತ್ತವೆ. ಆದರೆ ಓಲೆಕೊಡೆಯಾಗಲಿ ಬಟ್ಟೆಕೊಡೆಯಾಗಲಿ, ಕೊಡೆಗೆ ಒಂದು ಕೈ ಬೇಕು. ಒಂದು ಕೈಯನ್ನು ಕೆಲಸದಿಂದ ಬಿಡಿಸಿ ಕೊಡೆಗೆ ಕೊಡಬಲ್ಲವನು ಮಾತ್ರ ಕೊಡೆಯವನು. ಗದ್ದೆಯಲ್ಲಿ ನೇಜಿ ನೆಡುವವಳಿಗೆ ಎರಡು ಕೈಯೂ ಕೆಸರಿನಲ್ಲಿ ಬೇಕು. ಅವಳು ನೆಟ್ಟಗೆ ನಿಲ್ಲುವುದೂ ಇಲ್ಲ. ಬೆಳಗಿನಿಂದ ಬೈಗಿನವರೆಗೆ ಬಾಗಿಯೇ ಇರುವುದರಿಂದ ಮಳೆ ಬೀಳುವುದು ಬೆನ್ನಿಗೆ. ಗೊರಬಿನ ಆಕಾರವೇ ಅವಳ ಬಾಳನ್ನು ಹೇಳುತ್ತದೆ. ಮಳೆಯಲ್ಲಿ ಮನುಷ್ಯ ತಲೆ ಕಾಯುತ್ತಾನೆಂದು ನಾವು ಮೊದಲಿಗೆ ಬರೆದೆವಷ್ಟೆ. ಅದು ನೆಟ್ಟಗೆ ನಡೆಯುವವರ ಮಟ್ಟಿಗೆ ಸತ್ಯ. ಬಾಗಿ ದುಡಿಯುವವರಿಗೆ ಬೆನ್ನೂ ತಲೆಯೇ.

ಈ ಬಾಗಿದ ಬೆನ್ನಿನ ಮಳೆಯನ್ನು ಕನ್ನಡದಲ್ಲಿ ಕಂಡವರು ಯಾರು? ಪದ್ಯದಲ್ಲಿ ಕಡಿಮೆ. ಪಂಜೆಯವರ 'ತೆಂಕಣ ಗಾಳಿಯಾಟ'ದಲ್ಲಿ ಕರಾವಳಿಯವನಿಗೆ ಮಾತ್ರ ಗೊತ್ತಿರುವ ಗಾಳಿಯ ಅಬ್ಬರವಿದೆ. ಅದನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿದರೆ ತರಗತಿಯ ಮಾಡು ಹಾರಿಹೋದಂತಾಗುತ್ತದೆ. ಆದರೂ ಅಲ್ಲಿ ಗಾಳಿಯೇ ನಾಯಕ, ಅದರೆದುರು ನಡೆಯುವವನಲ್ಲ. ಗದ್ಯದಲ್ಲಿ ಹುಡುಕಿದರೆ ಕಾರಂತರ 'ಮರಳಿ ಮಣ್ಣಿಗೆ' ಸಿಗುತ್ತದೆ. 1941ರ ಆ ಕಾದಂಬರಿಯ ಪಾರೋತಿ, ಸರಸೋತಿಯರಿಗೆ ಮಳೆ ನೋಡುವ ವಸ್ತುವಲ್ಲ, ಅದರೊಳಗೆ ಇಳಿದು ಮುಗಿಸಬೇಕಾದ ಕೆಲಸ. ಕಾರಂತರು ಮಳೆಯನ್ನು ಹೊಗಳುವುದೂ ಇಲ್ಲ, ಬಯ್ಯುವುದೂ ಇಲ್ಲ. ಆ ಸಂಯಮಕ್ಕಾಗಿ ನಾವು ಅವರಿಗೆ ಋಣಿಗಳು.

ಎಲ್ಲಕ್ಕಿಂತ ಮಿಗಿಲಾದದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಬಂದ ಈ ಕಾದಂಬರಿಯಲ್ಲಿ ಒದ್ದೆಯಾಗದ ಪಾತ್ರಗಳು ವಿರಳ. ಮಲೆನಾಡಿನವರ ಮರೆ ಕಂಬಳಿಕೊಪ್ಪೆ. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೆ ಸಿಕ್ಕಿಸಿಕೊಂಡರೆ ಅದೇ ಕುಲಾವಿ, ಅದೇ ನಿಲುವಂಗಿ. ನೀರು ಕುಡಿದಷ್ಟೂ ಭಾರವಾಗುತ್ತದೆ. ಆದರೂ ಉಣ್ಣೆ ಒದ್ದೆಯಾದರೂ ಬೆಚ್ಚಗಿರಿಸುತ್ತದೆ. ಜೀತದಾಳು ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡು ಬೆಟ್ಟ ಸುತ್ತುವಾಗ, ಒಲ್ಲದ ಮದುವೆಯಿಂದ ತಪ್ಪಿಸಿಕೊಂಡ ಚಿನ್ನಮ್ಮ ಕತ್ತಲೆಯಲ್ಲಿ ಹುಲಿಕಲ್ಲು ನೆತ್ತಿಯ ದಾರಿ ಹಿಡಿದಾಗ, ನಾವು ಓದುಗರೂ ಜಿಗಣೆಗಳ ನಡುವೆ ಕಾಲಿಡುತ್ತೇವೆ. ಬೆಟ್ಟದ ತುದಿಗೂ ಕನ್ನಡದಲ್ಲಿ ನೆತ್ತಿ ಎಂದೇ ಹೆಸರು. ಕಡೆಯಲ್ಲಿ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಗಳನ್ನು ಓದಿದವರಾರೂ ಮಳೆಯನ್ನು ಬರಿಯ ಸೊಬಗೆಂದು ಮತ್ತೆ ಬರೆಯಲಾರರು. ತಾರತಮ್ಯವೂ ಅಲ್ಲಿ ಮುಚ್ಚಿಲ್ಲ. ಮಳೆ ಹೆಗ್ಗಡೆಗೂ ಜೀತದವನಿಗೂ ಒಂದೇ. ಮಳೆಯಿಂದ ಹೊರಬಂದ ಮೇಲೆ ಸೇರುವ ಸೂರು ಒಂದೇ ಅಲ್ಲ. ಕವಿ ಕುವೆಂಪು ಅವರ ಮಳೆಗಿಂತ ಕಾದಂಬರಿಕಾರ ಕುವೆಂಪು ಅವರ ಮಳೆ ನಮಗೆ ಹೆಚ್ಚು ನಿಜವೆನಿಸುವುದು ಇದರಿಂದಲೇ. ಭಿನ್ನಾಭಿಪ್ರಾಯವಿರುವ ಬಂಧುಗಳು ಗೋಷ್ಠಿಯಲ್ಲಿ ಹೇಳಬಹುದು.

ನಾವು ಕಂಡ ಒಂದು ಸಂಗತಿಗೆ ಮಾತ್ರ ಯಾವ ಕೃತಿಯಲ್ಲೂ ಜೋಡಿ ಸಿಕ್ಕಿಲ್ಲ. ಶಾಲೆ ಬಿಡುವ ಹೊತ್ತಿಗೆ ಮಳೆ ಹಿಡಿದರೆ ಹೆಚ್ಚಿನ ಮಕ್ಕಳು ಪುಸ್ತಕದ ಚೀಲವನ್ನೇ ತಲೆಗೆ ಹಿಡಿದು ಓಡುತ್ತಿದ್ದರು. ಆದರೆ ಪ್ರತಿ ವರ್ಷವೂ ಕೆಲವರು ಪುಸ್ತಕಗಳನ್ನು ಅಂಗಿಯೊಳಗೆ ಹೊಟ್ಟೆಗೆ ಅವಚಿಕೊಂಡು, ಬರಿದಲೆಯನ್ನು ಮಳೆಗೊಡ್ಡಿ ನಡೆದುಹೋಗುತ್ತಿದ್ದರು. ಅವು ಅಣ್ಣ ಅಕ್ಕಂದಿರು ಓದಿ ಕೊಟ್ಟ ಪುಸ್ತಕಗಳು, ಮುಂದಿನ ವರ್ಷ ತಮ್ಮನಿಗೆ ಸೇರಬೇಕಾದವು. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಗಡಿ ದಾಟಿ ತಡವಾಗಿ ಬರುವ ಕಾಲ ಅದು. ಒಂದು ಹೋದರೆ ಇನ್ನೊಂದು ಸಿಗುತ್ತಿರಲಿಲ್ಲ. ಹುಟ್ಟಿನಿಂದ ಬಂದ ಪ್ರವೃತ್ತಿಯನ್ನು ಎಂಟು ವರ್ಷದ ಮಗು ಹೀಗೆ ಗೆದ್ದದ್ದನ್ನು ಜಗಲಿಯಲ್ಲಿ ನಿಂತು ನೋಡಿದ್ದೇವೆ. ನಾವೂ ಜಗಲಿಯವರೇ.

ಜಾನಪದದಲ್ಲಾದರೂ ಗೊರಬಿನ ಕೆಳಗಿನ ದನಿ ಉಳಿದಿದೆಯೇ ಎಂದು ಕೇಳಬಹುದು. ಉಳಿದಿದೆ. ತುಳುವಿನ ಓಬೇಲೆ, ಕಬಿತಗಳು ಗದ್ದೆಯಲ್ಲಿ ಬಾಗಿಕೊಂಡೇ ಹಾಡಿದವು. ಅವುಗಳ ಉಸಿರಿನ ಏರಿಳಿತ ಹಿಂದಕ್ಕೆ ಹೆಜ್ಜೆಯಿಡುತ್ತ ನೆಡುವವಳ ಉಸಿರಿನದು. ಹಾಡುವವಳನ್ನು ಒಣಗಿದ ಚಾಪೆಯ ಮೇಲೆ ಕೂರಿಸಿ ಬರೆದುಕೊಂಡಾಗ ಪದಗಳು ಬರುತ್ತವೆ, ಎಲೆಗಳ ಮೇಲೆ ಹನಿ ಬಡಿಯುವ ತಾಳ ಬರುವುದಿಲ್ಲ. ಸಂಗ್ರಹಕಾರರ ಶ್ರಮವನ್ನು ನಾವು ಹಗುರಾಗಿ ಕಾಣುತ್ತಿಲ್ಲ. ಅವರಿಲ್ಲದಿದ್ದರೆ ಪದಗಳೂ ಉಳಿಯುತ್ತಿರಲಿಲ್ಲ. ಈಗ ಗದ್ದೆಗಳೇ ತೋಟಗಳಾದವು. ಉಳಿದ ಗದ್ದೆಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಹೊದಿಕೆಗಳು ಬಂದವು. ಅವು ಗೊರಬಿಗಿಂತ ಹಗುರ, ಅಗ್ಗ. ಬಳಸುವವರನ್ನು ದೂರುವ ಅಧಿಕಾರ ಕೊಡೆ ಹಿಡಿದು ಬದುವಿನಲ್ಲಿ ನಡೆಯುವ ನಮಗಿಲ್ಲ. ಆದರೆ ಗೊರಬು ಎಂಬ ಮಾತು ನಮ್ಮ ಮೊಮ್ಮಕ್ಕಳಿಗೆ ಅರ್ಥಕೋಶದಲ್ಲಿ ನೋಡಬೇಕಾದ ಮಾತಾಯಿತು.

ಆಟಿಯ ತಿಂಗಳಲ್ಲಿ ಮನೆಮನೆಗೆ ಬರುವ ಕಳಂಜ ಇನ್ನೂ ಕೆಲವು ಊರುಗಳಲ್ಲಿ ಉಳಿದಿದ್ದಾನೆ. ಮೈಗೆ ತೆಂಗಿನ ಸಿರಿ, ಮುಖಕ್ಕೆ ಬಣ್ಣ, ಕೈಯಲ್ಲಿ ಹೂವು ಸೊಪ್ಪು ಕಟ್ಟಿದ ಓಲೆಕೊಡೆ. ಒಂದು ಕಾಲದಲ್ಲಿ ಅಂಗಳದ ಅಂಚಿನಲ್ಲೇ ನಿಲ್ಲಬೇಕಿದ್ದ ನಲಿಕೆ ಜನಾಂಗದವನು ಆ ಒಂದು ತಿಂಗಳು ಅದೇ ಅಂಗಳದ ನಡುವೆ ಕೊಡೆ ತಿರುಗಿಸುತ್ತ ಕುಣಿಯುತ್ತಾನೆ, ಊರಿನ ಮಾರಿಯನ್ನು ಕಳೆಯುತ್ತಾನೆ, ಅಕ್ಕಿ ಉಪ್ಪು ಅರಸಿನ ಪಡೆದು ಹೋಗುತ್ತಾನೆ. ಜಗಲಿಯ ಮೇಲಿನವರು ಕೈಮುಗಿದು ನಿಲ್ಲುತ್ತಾರೆ. ಕಳಂಜನ ಹುಟ್ಟಿನ ಕಥೆಯನ್ನು ವಿದ್ವಾಂಸರು ಬರೆದಿದ್ದಾರೆ, ಅವನ ಹಾಡುಗಳು ಅಚ್ಚಾಗಿವೆ. ಆದರೆ ಅವನು ಅಂಗಳ ದಾಟಿ ಬೇಲಿಯಾಚೆ ಹೋದ ಮೇಲೆ ಆ ಕೊಡೆಯನ್ನು ಬಿಚ್ಚಿಯೇ ನಡೆಯುತ್ತಿದ್ದನೋ ಮಡಚುತ್ತಿದ್ದನೋ ಎಂದು ಕೇಳಿ ಬರೆದ ಕನ್ನಡದ ಕಥೆಯೊಂದಕ್ಕಾಗಿ ನಾವಿನ್ನೂ ಕಾಯುತ್ತಿದ್ದೇವೆ. ಈ ಸಂಚಿಕೆಯನ್ನು ಓದುವ ತರುಣರಲ್ಲಿ ಯಾರಾದರೂ ಅದನ್ನು ಬರೆದರೆ ಮುಂದಿನ ಸಮ್ಮೇಳನದ ಗೋಷ್ಠಿಯಲ್ಲಿ ನಾವು ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇವೆ.